ಪೆನ್ಸಿಲ್ ಹಿಡಿದು ಮಿದುಳನ್ನು ಕಂಡ ಕಹಾಲ್

ಮಕ್ಕಳೇ, ವಿಜ್ಞಾನದ ಪರೀಕ್ಷೆಯಲ್ಲಿ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ನಿಮ್ಮಲ್ಲಿ ಕೆಲವರಿಗೆ ಆ ಪ್ರಶ್ನೆ ಎಂದರೆ ಖುಷಿ. ಇನ್ನು ಕೆಲವರಿಗೆ ಬೇಸರ. ಉತ್ತರ ಗೊತ್ತಿದ್ದರೆ ಸಾಲದೆ, ಚಿತ್ರ ಏಕೆ ಬೇಕು ಎಂದು ನಿಮಗೆ ಅನ್ನಿಸಿರಲೂಬಹುದು.

ಚಿತ್ರ ಬರೆಯುವುದನ್ನು ಕಲಿತದ್ದರಿಂದಲೇ ವಿಜ್ಞಾನದ ಒಂದು ದೊಡ್ಡ ಸತ್ಯವನ್ನು ಕಂಡ ಒಬ್ಬರ ಕಥೆ ಇಲ್ಲಿದೆ. ಅವರ ಹೆಸರು ಸಾಂತಿಯಾಗೊ ರಮೋನ್ ಇ ಕಹಾಲ್. ಸ್ಪೇನ್ ದೇಶದವರು. ಆ ದೇಶದಲ್ಲಿ ಮಕ್ಕಳ ಹೆಸರಿನ ಜೊತೆಗೆ ತಂದೆಯ ಮನೆತನದ ಹೆಸರನ್ನೂ ತಾಯಿಯ ಮನೆತನದ ಹೆಸರನ್ನೂ ಸೇರಿಸುತ್ತಾರೆ. ರಮೋನ್ ತಂದೆಯ ಕಡೆಯದು, ಕಹಾಲ್ ತಾಯಿಯ ಕಡೆಯದು. ನಮ್ಮ ಮಿದುಳು ಬಿಡಿಬಿಡಿಯಾದ ಜೀವಕೋಶಗಳಿಂದ ಆಗಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಇವರು. ತೋರಿಸಿದ್ದು ಹೇಗೆ? ಪೆನ್ಸಿಲಿನಿಂದ, ಮಸಿಯಿಂದ, ಸಾವಿರಾರು ಚಿತ್ರಗಳಿಂದ.

ಗೋಡೆಯೇ ಹಾಳೆ

ಸಾಂತಿಯಾಗೊ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಉತ್ತರ ಭಾಗದ ಪೆತೀಯಾ ಎಂಬ ಗುಡ್ಡದ ಮೇಲಿನ ಸಣ್ಣ ಹಳ್ಳಿಯಲ್ಲಿ. ತಂದೆ ಹುಸ್ತೊ ರಮೋನ್ ಹಳ್ಳಿಯ ವೈದ್ಯರು. ಬಡತನದಲ್ಲಿ ಬೆಳೆದು, ಹಠ ಹಿಡಿದು ಓದಿ ಮೇಲೆ ಬಂದವರು. ಕೆಲಸದ ಸಲುವಾಗಿ ಅವರು ಊರಿಂದೂರಿಗೆ ಹೋಗಬೇಕಾಗುತ್ತಿತ್ತು. ಹಾಗಾಗಿ ಹುಡುಗನ ಬಾಲ್ಯ ಹಲವು ಹಳ್ಳಿಗಳಲ್ಲಿ ಕಳೆಯಿತು.

ಈ ಹುಡುಗನಿಗೆ ಒಂದು ಹುಚ್ಚು. ಕಂಡದ್ದನ್ನೆಲ್ಲ ಚಿತ್ರ ಬರೆಯುವುದು! ಕಾಗದ ಸಿಕ್ಕರೆ ಕಾಗದದ ಮೇಲೆ, ಇಲ್ಲದಿದ್ದರೆ ಪುಸ್ತಕದ ಅಂಚಿನಲ್ಲಿ. ಬಾಗಿಲಾದರೂ ಸರಿ, ಹೊಸದಾಗಿ ಸುಣ್ಣ ಬಳಿದ ಗೋಡೆಯಾದರೂ ಸರಿ. ಊರಿನವರು ಬೈಯದೆ ಇರುತ್ತಾರೆಯೇ?

ಮನೆಯಲ್ಲಿ ಅಪ್ಪ ಇನ್ನೂ ಬಿಗಿ. ಚಿತ್ರ ಬರೆಯುವುದು ಹೊತ್ತು ಕಳೆಯುವ ಕೆಲಸ, ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಮಗ ವೈದ್ಯನಾಗಲೇಬೇಕು ಎಂಬುದು ಅವರ ಆಸೆ. ಹೀಗಾಗಿ ಪೆನ್ಸಿಲ್, ಬಣ್ಣಗಳಿಗೆ ಮನೆಯಲ್ಲಿ ಕಾಸು ಸಿಗುತ್ತಿರಲಿಲ್ಲ. ಹುಡುಗ ಪುಡಿಗಾಸು ಕೂಡಿಟ್ಟು ಕಾಗದ, ಪೆನ್ಸಿಲ್ ಕೊಂಡ. ಊರ ಹೊರಗೆ ದಾರಿಯ ಬದಿಯಲ್ಲಿ ಕುಳಿತು ಗಾಡಿ, ಕುದುರೆ, ದಾರಿಹೋಕರ ಚಿತ್ರ ಬರೆದ. ಬಣ್ಣಕ್ಕೆ ಏನು ಮಾಡಿದ ಗೊತ್ತೆ? ಗೋಡೆಗೆ ಬಳಿದ ಬಣ್ಣವನ್ನು ಕೆರೆದು ತೆಗೆದ. ತಂಬಾಕು ಸುತ್ತುವ ತೆಳು ಕಾಗದದ ಪುಟ್ಟ ಪುಸ್ತಕಗಳಿಗೆ ಆಗ ಕೆಂಪು, ನೀಲಿ ಹೊದಿಕೆ ಇರುತ್ತಿತ್ತು. ಅವನ್ನು ನೀರಿನಲ್ಲಿ ನೆನೆಸಿ ಬಣ್ಣ ಇಳಿಸಿಕೊಂಡ.

ಮಗನಲ್ಲಿ ನಿಜವಾಗಿಯೂ ಪ್ರತಿಭೆ ಇದೆಯೇ ಎಂದು ತಿಳಿಯಬೇಕೆಂದು ಅಪ್ಪನಿಗೂ ಒಮ್ಮೆ ಅನ್ನಿಸಿತು. ಆಗ ಅವರಿದ್ದ ಅಯೆರ್ಬೆ ಎಂಬ ಊರಿನ ಚರ್ಚಿಗೆ ಗೋಡೆ ಅಲಂಕರಿಸುವ ಕೆಲಸಗಾರನೊಬ್ಬ ಬಂದಿದ್ದ. ಅಪ್ಪ ಮಗನನ್ನು ಅವನ ಬಳಿಗೆ ಕರೆದೊಯ್ದರು. ಹುಡುಗ ಬರೆದಿದ್ದ ಒಬ್ಬ ಸಂತರ ಚಿತ್ರವನ್ನು ತೋರಿಸಿದರು. ಆತ ಚಿತ್ರವನ್ನು ನೋಡಿ, ಇದರಲ್ಲಿ ಅಳತೆಯೇ ಸರಿಯಿಲ್ಲ, ಈ ಹುಡುಗ ಎಂದೂ ಕಲಾವಿದನಾಗಲಾರ ಎಂದುಬಿಟ್ಟ. ಅಲ್ಲಿಗೆ ತೀರ್ಪು ಮುಗಿಯಿತು.

ಆ ತೀರ್ಪನ್ನು ಸ್ವಲ್ಪ ಯೋಚಿಸಿ ನೋಡಿ. ಕೈ ಕಾಲುಗಳ ಅಳತೆ ಸರಿಯಿಲ್ಲದೆ ಇದ್ದಿರಬಹುದು. ಅದನ್ನು ಆ ಹುಡುಗನಿಗೆ ಯಾರೂ ಕಲಿಸಿಯೇ ಇರಲಿಲ್ಲವಲ್ಲ! ಕಲಿಯದೆ ಇರುವುದು ಬೇರೆ, ಬಾರದೆ ಇರುವುದು ಬೇರೆ. ಈ ವ್ಯತ್ಯಾಸವನ್ನು ಅಂದು ಯಾರೂ ಗಮನಿಸಲಿಲ್ಲ.

ಕತ್ತಲೆ ಕೋಣೆಯ ಪಾಠ

ಸಾಂತಿಯಾಗೊ ತುಂಟ ಹುಡುಗ. ಶಾಲೆಯಲ್ಲಿ ಅವನಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. 11ನೆಯ ವಯಸ್ಸಿನಲ್ಲಿ ಮರದ ದಿಮ್ಮಿಯಿಂದ ಫಿರಂಗಿ ಮಾಡಿ, ಮದ್ದು ತುಂಬಿ ಹಾರಿಸಿ, ನೆರೆಯವರ ಹೊಸ ಗೇಟನ್ನೇ ಮುರಿದುಹಾಕಿದ್ದ. ಅದಕ್ಕಾಗಿ 3 ದಿನ ಊರಿನ ಜೈಲಿನಲ್ಲಿಯೂ ಇರಬೇಕಾಯಿತು.

ಅಯೆರ್ಬೆಯ ಶಾಲೆಯಲ್ಲಿ ತಪ್ಪು ಮಾಡಿದವರನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಬೇರೆ ಮಕ್ಕಳು ಅಲ್ಲಿ ಅಳುತ್ತಿದ್ದರು. ಸಾಂತಿಯಾಗೊ ಮಾತ್ರ ಚಾವಣಿಯನ್ನು ನೋಡುತ್ತ ಕುಳಿತ. ಅಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹೊರಗಿನ ಬೀದಿಯಲ್ಲಿ ಹೋಗುವ ಜನ, ಕತ್ತೆ, ಗಾಡಿಗಳು ಬಣ್ಣಬಣ್ಣವಾಗಿ ಚಾವಣಿಯ ಮೇಲೆ ಕಾಣುತ್ತಿದ್ದವು. ಅದೂ ತಲೆಕೆಳಗಾಗಿ!

ಏಕೆ ಹೀಗೆ? ಕಿಟಕಿಯ ಬಾಗಿಲಿನಲ್ಲಿ ಒಂದು ಸಣ್ಣ ಬಿರುಕು ಇತ್ತು. ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ ಎಂದು ನೀವು ಓದಿದ್ದೀರಿ. ವಸ್ತುವಿನ ಮೇಲ್ಭಾಗದಿಂದ ಬಂದ ಬೆಳಕು ಬಿರುಕಿನ ಮೂಲಕ ಹಾದು ಕೆಳಕ್ಕೆ ಹೋಗುತ್ತದೆ. ಕೆಳಭಾಗದಿಂದ ಬಂದ ಬೆಳಕು ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಬಿಂಬ ತಲೆಕೆಳಗು. ನೀವು ರಟ್ಟಿನಿಂದ ಮಾಡುವ ಸೂಜಿರಂಧ್ರ ಕ್ಯಾಮೆರಾದ ತತ್ತ್ವವೂ ಇದೇ. ಹುಡುಗ ಇದನ್ನು ತಾನೇ ಮೊದಲು ಕಂಡುಹಿಡಿದೆ ಎಂದುಕೊಂಡ. ಬಿಂಬದ ಮೇಲೆ ಕಾಗದ ಹಿಡಿದು ಪೆನ್ಸಿಲಿನಿಂದ ಅದರ ಗೆರೆಗಳನ್ನು ತಿದ್ದಿದ. ವಸ್ತುಗಳ ನಿಜವಾದ ಆಕಾರ ಹೇಗಿರುತ್ತದೆ, ಅಳತೆ ಹೇಗಿರುತ್ತದೆ ಎಂಬುದನ್ನು ಬೆಳಕೇ ಅವನಿಗೆ ಕಲಿಸಿತು. ಶಿಕ್ಷೆಯ ಕೋಣೆಯೇ ಅವನ ಮೊದಲ ಚಿತ್ರಶಾಲೆಯಾಯಿತು.

ಚಿತ್ರಕಲೆಯ ತರಗತಿ

ಓದಿನಲ್ಲಿ ಮಗನ ಮನಸ್ಸಿಲ್ಲದ್ದನ್ನು ಕಂಡು ಅಪ್ಪನಿಗೆ ಬಲು ಸಿಟ್ಟು ಬಂತು. ಅವನನ್ನು ಶಾಲೆ ಬಿಡಿಸಿ ಚಮ್ಮಾರರೊಬ್ಬರ ಬಳಿ ಕೆಲಸಕ್ಕೆ ಸೇರಿಸಿದರು. ಸಾಂತಿಯಾಗೊ ಅಲ್ಲಿ ಬೂಟು ಹೊಲಿಯುವುದನ್ನು ಚೆನ್ನಾಗಿಯೇ ಕಲಿತ. ಕೊನೆಗೆ ಅಪ್ಪನ ಮನಸ್ಸು ಕರಗಿತು. ಹುಡುಗ ಮತ್ತೆ ಉಎಸ್ಕಾ ಎಂಬ ಪಟ್ಟಣದ ಶಾಲೆಗೆ ಸೇರಿದ. ಈ ಬಾರಿ ಚಿತ್ರಕಲೆಯ ತರಗತಿಗೆ ಸೇರಲು ಅಪ್ಪ ಒಪ್ಪಿಗೆ ಕೊಟ್ಟಿದ್ದರು!

ಅಲ್ಲಿ ಅವನಿಗೆ ಸಿಕ್ಕ ಗುರು ಲೆಯೋನ್ ಅಬಾದಿಯಾಸ್ ಎಂಬ ಚಿತ್ರಕಾರರು. ಇಲ್ಲಿಯವರೆಗೆ ಮನಬಂದಂತೆ ಬರೆಯುತ್ತಿದ್ದ ಹುಡುಗ ಈಗ ಕ್ರಮವಾಗಿ ಕಲಿಯತೊಡಗಿದ.

ಆ ಕಾಲದ ಯುರೋಪಿನ ಚಿತ್ರಕಲಾ ತರಗತಿಗಳಲ್ಲಿ ಪಾಠ ಹೇಗೆ ನಡೆಯುತ್ತಿತ್ತು ಗೊತ್ತೆ? ಮೊದಲ ದಿನವೇ ಕುದುರೆಯನ್ನೋ ಮನುಷ್ಯನನ್ನೋ ಬರೆಯುವಂತಿರಲಿಲ್ಲ. ಮೊದಲು ಬರಿಯ ಗೆರೆಗಳು. ನೇರ ಗೆರೆ, ಓರೆ ಗೆರೆ, ಬಾಗು ಗೆರೆ. ಅಳತೆಪಟ್ಟಿ ಇಲ್ಲದೆ, ಕೈಯಿಂದಲೇ. ಒತ್ತಿ ಎಳೆದರೆ ದಪ್ಪ ಗೆರೆ, ಹಗುರವಾಗಿ ಎಳೆದರೆ ತೆಳು ಗೆರೆ. ಅನಂತರ ಅಚ್ಚು ಹಾಕಿದ ಚಿತ್ರಗಳನ್ನು ನೋಡಿ ಬರೆಯುವುದು. ಒಂದು ಕಣ್ಣು, ಒಂದು ಮೂಗು, ಒಂದು ಕೈ. ಒಂದನ್ನೇ ಮತ್ತೆ ಮತ್ತೆ ಬರೆಯಬೇಕು.

ಆಮೇಲೆ ಬರುತ್ತಿದ್ದದ್ದು ಸುಣ್ಣದಂತೆ ಬಿಳಿಯಾದ ಪ್ಲಾಸ್ಟರ್ ಬೊಂಬೆಗಳು. ಅವನ್ನು ಕಿಟಕಿಯ ಪಕ್ಕದಲ್ಲಿಟ್ಟು ಬರೆಯಬೇಕು. ಬೊಂಬೆ ಪೂರ್ತಿ ಬಿಳಿ. ಹಾಗಾದರೆ ಅದರ ಉಬ್ಬು ತಗ್ಗುಗಳನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ನೆರಳಿನಿಂದ! ಬೆಳಕು ಬಿದ್ದ ಕಡೆ ಕಾಗದವನ್ನು ಹಾಗೆಯೇ ಬಿಡಬೇಕು. ನೆರಳಿರುವ ಕಡೆ ಪೆನ್ಸಿಲಿನ ಗೆರೆಗಳನ್ನು ಒತ್ತೊತ್ತಾಗಿ ತುಂಬಬೇಕು. ಆಗ ಚಪ್ಪಟೆ ಕಾಗದದ ಮೇಲೆ ದುಂಡಗಿನ ಮುಖ ಎದ್ದು ನಿಲ್ಲುತ್ತದೆ. ಕೊನೆಗೆ ಜೀವಂತ ಮನುಷ್ಯರು, ಗಿಡಮರಗಳು.

ಅಳತೆಗೂ ಒಂದು ಉಪಾಯವಿದೆ. ಪೆನ್ಸಿಲನ್ನು ಕೈಯಲ್ಲಿ ಹಿಡಿದು ತೋಳನ್ನು ಪೂರ್ತಿ ಮುಂದಕ್ಕೆ ಚಾಚಬೇಕು. ಒಂದು ಕಣ್ಣು ಮುಚ್ಚಬೇಕು. ದೂರದ ವಸ್ತುವಿನ ಒಂದು ಭಾಗ ಪೆನ್ಸಿಲಿನಲ್ಲಿ ಎಷ್ಟುದ್ದ ಕಾಣುತ್ತದೆ ಎಂದು ಹೆಬ್ಬೆರಳಿನಿಂದ ಗುರುತಿಟ್ಟುಕೊಳ್ಳಬೇಕು. ಅದರ ಎಷ್ಟರಷ್ಟು ಇಡೀ ವಸ್ತು ಇದೆ ಎಂದು ಎಣಿಸಬೇಕು. ಮನುಷ್ಯನ ತಲೆಯ ಉದ್ದವನ್ನು ಹೀಗೆ ಅಳೆದರೆ ಇಡೀ ದೇಹ ಅದರ ಸುಮಾರು 7ರಿಂದ 8 ಪಟ್ಟು ಇರುತ್ತದೆ. ನಿಮ್ಮ ಗೆಳೆಯರನ್ನು ಅಳೆದು ನೋಡಿ. ಮಕ್ಕಳಲ್ಲಿ ಈ ಸಂಖ್ಯೆ ಕಡಿಮೆ ಬರುತ್ತದೆ.

ಗೆರೆ, ಅಳತೆ, ನೆರಳು. ಇವು ಮೂರು ಪೆನ್ಸಿಲ್ ಚಿತ್ರದ ಅಡಿಪಾಯ. ಇವುಗಳ ಜೊತೆಗೆ ನಾಲ್ಕನೆಯದು ನೆನಪು. ನೋಡಿದ್ದನ್ನು ಕಣ್ಣ ಮುಂದೆ ಇಲ್ಲದಾಗಲೂ ಬರೆಯುವ ಶಕ್ತಿ. ಸಾಂತಿಯಾಗೊ ಇವೆಲ್ಲವನ್ನೂ ಹಸಿದವನು ಉಣ್ಣುವಂತೆ ಕಲಿತ. ಗುರುಗಳಿಗೂ ಅವನ ಕೆಲಸ ಬಹಳ ಮೆಚ್ಚಿಕೆಯಾಯಿತು. ಆದರೆ ಮಗ ವೈದ್ಯನಾಗಬೇಕೆಂಬ ಅಪ್ಪನ ನಿರ್ಧಾರ ಬದಲಾಗಲಿಲ್ಲ.

ನಿಮಗೆ ಗೊತ್ತೆ?
ನಾವು ಪೆನ್ಸಿಲನ್ನು ಸೀಸದ ಕಡ್ಡಿ ಎನ್ನುತ್ತೇವೆ. ಆದರೆ ಅದರೊಳಗೆ ಸೀಸ ಇಲ್ಲ! ಇರುವುದು ಗ್ರಾಫೈಟ್. ಅದು ಇಂಗಾಲದ ಒಂದು ರೂಪ. ಗ್ರಾಫೈಟ್‌ನಲ್ಲಿ ಇಂಗಾಲದ ಪರಮಾಣುಗಳು ಪದರ ಪದರವಾಗಿರುತ್ತವೆ. ಕಾಗದಕ್ಕೆ ಉಜ್ಜಿದಾಗ ಪದರಗಳು ಜಾರಿ ಕಾಗದದ ನಾರುಗಳಿಗೆ ಅಂಟಿಕೊಳ್ಳುತ್ತವೆ. ಅದೇ ಗೆರೆ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಸೇರಿಸಿ ಸುಟ್ಟು ಕಡ್ಡಿ ಮಾಡುವ ವಿಧಾನವನ್ನು ಫ್ರಾನ್ಸಿನ ಕಾಂಟೆ ಎಂಬವರು 1795ರಲ್ಲಿ ರೂಪಿಸಿದರು. ಮಣ್ಣು ಹೆಚ್ಚಾದರೆ ಗಟ್ಟಿ ಪೆನ್ಸಿಲ್, ತಿಳಿ ಗೆರೆ. ಮಣ್ಣು ಕಡಿಮೆಯಾದರೆ ಮೆದು ಪೆನ್ಸಿಲ್, ಕಪ್ಪು ಗೆರೆ. ನಿಮ್ಮ ಪೆನ್ಸಿಲಿನ ಮೇಲೆ ಎಚ್‌ಬಿ ಎಂದು ಬರೆದಿದ್ದರೆ ಅದು ಎರಡರ ನಡುವಿನದು.

ಮೂಳೆಗಳ ಚಿತ್ರ

1868ರ ಬೇಸಿಗೆ. ಸಾಂತಿಯಾಗೊಗೆ 16 ವರ್ಷ. ಅಪ್ಪ ಮಗನಿಗೆ ತಾವೇ ಅಂಗರಚನೆಯ ಪಾಠ ಹೇಳಲು ನಿಶ್ಚಯಿಸಿದರು. ಮೊದಲ ಪಾಠ ಮೂಳೆಗಳದ್ದು. ಬರಿಯ ಪುಸ್ತಕದಿಂದ ಕಲಿತರೆ ಸಾಲದು, ಮೂಳೆಯನ್ನು ಕೈಯಲ್ಲಿ ಹಿಡಿದೇ ಕಲಿಯಬೇಕು ಎಂಬುದು ಅವರ ಅಭಿಪ್ರಾಯ. ಬೆಳದಿಂಗಳ ರಾತ್ರಿ ತಂದೆ ಮಗ ಇಬ್ಬರೂ ಹಳೆಯ ಸ್ಮಶಾನಕ್ಕೆ ಹೋಗಿ, ಅಲ್ಲಿ ಹೊರಬಿದ್ದಿದ್ದ ಮೂಳೆಗಳನ್ನು ಆರಿಸಿ ತಂದರು. ಮನೆಯ ಕಣಜದಲ್ಲಿ ಪಾಠ ಶುರುವಾಯಿತು.

ಹುಡುಗ ಹೆದರಲಿಲ್ಲ. ಬೇಸರಪಡಲೂ ಇಲ್ಲ. ಅವನ ಕಣ್ಣಿಗೆ ಮೂಳೆ ಎಂದರೆ ಚಿತ್ರ ಬರೆಯಲು ಸಿಕ್ಕ ಇನ್ನೊಂದು ವಸ್ತು! ಪ್ರತಿ ಮೂಳೆಯ ಉಬ್ಬು, ತಗ್ಗು, ರಂಧ್ರಗಳನ್ನು ನೋಡಿ ನೋಡಿ ಬರೆದ. ಬರೆದದ್ದರಿಂದ ಅವು ಅವನ ಮನಸ್ಸಿನಲ್ಲಿ ಉಳಿದವು. ಪಾಠ ಕಂಠಪಾಠ ಮಾಡಲು ಕಷ್ಟಪಡುತ್ತಿದ್ದ ಹುಡುಗ ಮೂಳೆಗಳ ವಿಷಯದಲ್ಲಿ ಮಾತ್ರ ಒಂದು ಗೆರೆಯನ್ನೂ ಮರೆಯುತ್ತಿರಲಿಲ್ಲ. ಅಪ್ಪನಿಗೆ ಆಶ್ಚರ್ಯ. ಯಾವ ಚಿತ್ರಕಲೆಯನ್ನು ಬೇಡವೆಂದಿದ್ದರೋ ಅದೇ ಮಗನನ್ನು ವೈದ್ಯಕೀಯದ ಕಡೆಗೆ ಕರೆತಂದಿತ್ತು. ಮುಂದೆ ಮಗ ಸರಗೋಸಾ ನಗರದಲ್ಲಿ ವೈದ್ಯಕೀಯ ಓದುವಾಗ ಬರೆದ ಅಂಗರಚನೆಯ ಬಣ್ಣದ ಚಿತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದು ಇದೇ ಅಪ್ಪ ಕನಸು ಕಂಡರು! ಅದು ಕೈಗೂಡಲಿಲ್ಲ. ಆದರೆ ತಂದೆ ಮಗನ ನಡುವಿನ ಹಳೆಯ ಜಗಳ ಅಲ್ಲಿಗೆ ಮುಗಿಯಿತು.

ಸೂಕ್ಷ್ಮದರ್ಶಕ ಬಂತು

1873ರಲ್ಲಿ ಕಹಾಲ್ ವೈದ್ಯರಾದರು. ಸೈನ್ಯದ ವೈದ್ಯರಾಗಿ 1874ರಲ್ಲಿ ಕ್ಯೂಬಾ ದ್ವೀಪಕ್ಕೆ ಹೋದರು. ಅಲ್ಲಿ ಮಲೇರಿಯಾ ತಗಲಿ ಸೊರಗಿ ಮರುವರ್ಷ ಊರಿಗೆ ಮರಳಿದರು. 1877ರಲ್ಲಿ ಮ್ಯಾಡ್ರಿಡ್ ನಗರಕ್ಕೆ ಹೋದಾಗ ಸೂಕ್ಷ್ಮದರ್ಶಕದಲ್ಲಿ ಅಂಗಾಂಶಗಳನ್ನು ನೋಡಿದರು. ಬರಿಗಣ್ಣಿಗೆ ಕಾಣದ ಒಂದು ಹೊಸ ಲೋಕ! ಕ್ಯೂಬಾದಲ್ಲಿ ದುಡಿದು ಉಳಿಸಿದ್ದ ಹಣದಲ್ಲಿ ಒಂದು ಸೂಕ್ಷ್ಮದರ್ಶಕ ಕೊಂಡರು. ಮನೆಯ ಅಟ್ಟವೇ ಅವರ ಪ್ರಯೋಗಾಲಯವಾಯಿತು.

ಮುಂದೆ ಅವರು ವಲೆನ್ಸಿಯಾ ನಗರದಲ್ಲಿ ಪ್ರಾಧ್ಯಾಪಕರಾದರು. 1885ರಲ್ಲಿ ಅಲ್ಲಿ ಕಾಲರಾ ಹರಡಿತು. ಅದರ ಬಗ್ಗೆ ಕಹಾಲ್ ನಡೆಸಿದ ಅಧ್ಯಯನಕ್ಕೆ ಮೆಚ್ಚಿ ಸರಗೋಸಾ ಪ್ರಾಂತದ ಆಡಳಿತ ಅವರಿಗೆ ಜರ್ಮನಿಯ ಉತ್ತಮ ಸೂಕ್ಷ್ಮದರ್ಶಕವೊಂದನ್ನು ಕೊಟ್ಟಿತು. ಅದನ್ನು ಹಿಡಿದು ಅವರು ಹೊರಟದ್ದು ಅತ್ಯಂತ ಕಷ್ಟದ ವಿಷಯದ ಕಡೆಗೆ. ಅದೇ ಮಿದುಳು.

ಬಲೆಯೋ, ಮರಗಳೋ?

ದೇಹವೆಲ್ಲ ಜೀವಕೋಶಗಳಿಂದ ಆಗಿದೆ ಎಂದು ಆ ಹೊತ್ತಿಗೆ ತಿಳಿದಿತ್ತು. ಮಿದುಳಿನ ವಿಷಯದಲ್ಲಿ ಮಾತ್ರ ಗೊಂದಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಎಳೆಗಳೋ ಎಳೆಗಳು. ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯದು. ಹೀಗಾಗಿ ಮಿದುಳಿನಲ್ಲಿ ಎಲ್ಲ ಎಳೆಗಳೂ ಒಂದಕ್ಕೊಂದು ಬೆಸೆದುಕೊಂಡಿವೆ, ಅದು ಮೀನಿನ ಬಲೆಯಂತೆ ಒಂದೇ ಜಾಲ ಎಂದು ಅನೇಕ ವಿಜ್ಞಾನಿಗಳು ನಂಬಿದ್ದರು.

ಇಟಲಿಯ ಕಾಮಿಲ್ಲೊ ಗಾಲ್ಜಿ ಎಂಬ ವಿಜ್ಞಾನಿ 1873ರಲ್ಲಿ ಒಂದು ಅದ್ಭುತ ವಿಧಾನ ಪ್ರಕಟಿಸಿದ್ದರು. ಮಿದುಳಿನ ಚೂರನ್ನು ಪೊಟ್ಯಾಸಿಯಮ್ ಡೈಕ್ರೋಮೇಟ್ ದ್ರಾವಣದಲ್ಲಿಟ್ಟು ಗಟ್ಟಿ ಮಾಡಿ, ಅನಂತರ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದುವುದು. ಆಗ ಸಾವಿರಾರು ನರಕೋಶಗಳ ಪೈಕಿ ಕೆಲವು ಮಾತ್ರ ತುದಿಯವರೆಗೂ ಕಪ್ಪಾಗುತ್ತವೆ. ಉಳಿದವು ಕಾಣುವುದೇ ಇಲ್ಲ. ಹಳದಿ ಹಿನ್ನೆಲೆಯಲ್ಲಿ ಮಸಿಯಿಂದ ಬರೆದಂತೆ ಕಪ್ಪು ಕೋಶಗಳು ಎದ್ದು ಕಾಣುತ್ತವೆ. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ ಅಲ್ಲವೆ?

ಆದರೆ ಈ ವಿಧಾನ ಕಂಡುಹಿಡಿದ ಗಾಲ್ಜಿ ಅವರೂ ಬಲೆಯ ವಾದವನ್ನೇ ನಂಬಿದ್ದರು. 1887ರಲ್ಲಿ ಕಹಾಲ್ ಈ ವಿಧಾನದಿಂದ ತಯಾರಿಸಿದ ಚೂರನ್ನು ಮ್ಯಾಡ್ರಿಡ್‌ನ ವೈದ್ಯ ಲೂಯಿಸ್ ಸಿಮಾರೊ ಅವರ ಬಳಿ ನೋಡಿದರು. ಬೆರಗಾದರು. ಅದೇ ವರ್ಷ ಬಾರ್ಸಿಲೋನಾ ನಗರಕ್ಕೆ ಪ್ರಾಧ್ಯಾಪಕರಾಗಿ ಹೋದವರು ಹಗಲೂ ರಾತ್ರಿ ಅದರಲ್ಲೇ ಮುಳುಗಿದರು.

ಅವರು ಎರಡು ಉಪಾಯ ಮಾಡಿದರು. ಮೊದಲನೆಯದು, ದ್ರಾವಣಗಳಲ್ಲಿ ಅದ್ದುವ ಕೆಲಸವನ್ನು ಎರಡೆರಡು ಬಾರಿ ಮಾಡಿದ್ದು. ಇದರಿಂದ ಬಣ್ಣ ಚೆನ್ನಾಗಿ ಹಿಡಿಯಿತು. ಎರಡನೆಯದು, ಬೆಳೆದ ಪ್ರಾಣಿಗಳ ಬದಲು ಮೊಟ್ಟೆಯೊಳಗಿನ ಮರಿಗಳ, ಎಳೆಯ ಪ್ರಾಣಿಗಳ ಮಿದುಳನ್ನು ನೋಡಿದ್ದು. ದಟ್ಟ ಕಾಡಿನಲ್ಲಿ ಯಾವ ಕೊಂಬೆ ಯಾವ ಮರದ್ದು ಎಂದು ಹೇಳುವುದು ಕಷ್ಟ. ಅದೇ ಸಸಿಮಡಿಯಲ್ಲಿ ಪ್ರತಿ ಸಸಿಯೂ ಬೇರೆಬೇರೆಯಾಗಿ ಕಾಣುತ್ತದೆ. ಕಹಾಲ್ ಅವರೇ ತಮ್ಮ ಕೆಲಸವನ್ನು ಹೀಗೆ ಕಾಡಿಗೂ ಸಸಿಗಳಿಗೂ ಹೋಲಿಸಿದ್ದರು.

ಚಿತ್ರವೇ ಸಾಕ್ಷಿ

ಈಗ ನೋಡಿ, ಉಎಸ್ಕಾದ ಚಿತ್ರಕಲಾ ತರಗತಿ ಹೇಗೆ ಕೆಲಸಕ್ಕೆ ಬಂತು ಎಂದು.

ಕಹಾಲ್ ಒಳ್ಳೆಯ ಛಾಯಾಗ್ರಾಹಕರೂ ಆಗಿದ್ದರು. ಹಾಗಾದರೆ ಮಿದುಳಿನ ಫೋಟೋ ತೆಗೆಯಬಹುದಿತ್ತಲ್ಲ? ಅಲ್ಲೊಂದು ತೊಡಕಿತ್ತು. ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಒಂದು ತೆಳು ಮಟ್ಟ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅದರ ಮೇಲಿನದು, ಕೆಳಗಿನದು ಮಸುಕು. ನರಕೋಶದ ಕೊಂಬೆಯೋ ಮೇಲೆ ಏರಿ, ಕೆಳಗೆ ಇಳಿದು, ಆಚೆ ತಿರುಗಿ ಸಾಗುತ್ತದೆ. ಅಂದಿನ ಫೋಟೋದಲ್ಲಿ ಅದರ ಒಂದು ತುಂಡು ಮಾತ್ರ ಸಿಗುತ್ತಿತ್ತು. ಚಿತ್ರಕಾರ ಹಾಗಲ್ಲ. ಅವನು ತಿರುಪನ್ನು ಮೆಲ್ಲನೆ ತಿರುಗಿಸುತ್ತ ಕೊಂಬೆಯನ್ನು ಮಟ್ಟದಿಂದ ಮಟ್ಟಕ್ಕೆ ಹಿಂಬಾಲಿಸಬಲ್ಲ. ಎಲ್ಲವನ್ನೂ ಒಂದೇ ಕಾಗದದ ಮೇಲೆ ಸೇರಿಸಬಲ್ಲ.

ಕಹಾಲ್ ಗಂಟೆಗಟ್ಟಲೆ ನೋಡುತ್ತಿದ್ದರು. ಅನೇಕ ಚೂರುಗಳನ್ನು ಒಂದರ ನಂತರ ಒಂದು ಪರೀಕ್ಷಿಸುತ್ತಿದ್ದರು. ಎಷ್ಟೋ ಸಲ ಆಮೇಲೆ ನೆನಪಿನಿಂದ ಬರೆಯುತ್ತಿದ್ದರು. ಬರೆದದ್ದನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಜೊತೆ ಹೋಲಿಸಿ ತಿದ್ದುತ್ತಿದ್ದರು. ಮೊದಲು ಪೆನ್ಸಿಲ್, ಅನಂತರ ಮಸಿ. ದಪ್ಪ ಕಾಂಡ ಕ್ರಮೇಣ ತೆಳುವಾಗಿ ಎಳೆಯಾಗುವುದನ್ನು ತೋರಿಸಲು ಗೆರೆಯ ಪಾಠ. ಕೊಂಬೆಗಳ ಉದ್ದ, ಅಂತರ ತಪ್ಪದಿರಲು ಅಳತೆಯ ಪಾಠ. ಮುಂದಿರುವುದು, ಹಿಂದಿರುವುದು ತಿಳಿಯಲು ನೆರಳಿನ ಪಾಠ. ಹತ್ತಾರು ಚೂರುಗಳಲ್ಲಿ ಕಂಡದ್ದನ್ನು ಒಂದುಗೂಡಿಸಲು ನೆನಪಿನ ಪಾಠ.

ಹೀಗೆ ಬರೆಯುವವನಿಗೆ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಈ ಗೆರೆ ಎಲ್ಲಿ ನಿಲ್ಲುತ್ತದೆ? ಸುಮ್ಮನೆ ನೋಡುವವರು ಎಳೆಗಳ ಗೋಜಲು ಎಂದು ಹೇಳಿ ಮುಂದೆ ಹೋಗಬಹುದು. ಬರೆಯುವವನು ಪೆನ್ಸಿಲನ್ನು ಎಲ್ಲಾದರೂ ಎತ್ತಲೇಬೇಕು, ಇಲ್ಲವೇ ಇನ್ನೊಂದು ಗೆರೆಗೆ ಸೇರಿಸಲೇಬೇಕು. ಕಹಾಲ್ ನೋಡಿದರು, ಮತ್ತೆ ನೋಡಿದರು. ಗೆರೆಗಳು ಸೇರುತ್ತಿರಲಿಲ್ಲ!

1888ರಲ್ಲಿ ಹಕ್ಕಿಯ ಅನುಮಸ್ತಿಷ್ಕದಲ್ಲಿ, ಅಂದರೆ ಮಿದುಳಿನ ಹಿಂಭಾಗದ ಕಿರಿಯ ಭಾಗದಲ್ಲಿ, ಅವರು ಇದನ್ನು ಕಂಡರು. ಒಂದು ಕೋಶದ ಎಳೆಗಳು ಇನ್ನೊಂದು ದೊಡ್ಡ ಕೋಶದ ಸುತ್ತ ಬುಟ್ಟಿ ಹೆಣೆದಂತೆ ಸುತ್ತಿಕೊಂಡಿದ್ದವು. ಆದರೆ ಒಳಗೆ ಬೆಸೆದುಕೊಂಡಿರಲಿಲ್ಲ. ಬಹಳ ಹತ್ತಿರ ಬಂದು ನಿಂತಿದ್ದವು. ತೆಂಗಿನ ತೋಟವನ್ನು ದೂರದಿಂದ ನೋಡಿದರೆ ಗರಿಗಳೆಲ್ಲ ಹೆಣೆದುಕೊಂಡಂತೆ ಕಾಣುತ್ತವೆ. ಹತ್ತಿರ ಹೋದರೆ ಪ್ರತಿ ಮರವೂ ಬೇರೆ. ಮಿದುಳೂ ಹಾಗೆಯೇ. ಅದು ಬಲೆಯಲ್ಲ, ತೋಪು!

ಅದೇ ಕಾಲದಲ್ಲಿ ಅವರು ಇನ್ನೊಂದನ್ನೂ ಬರೆದರು. ಕೋಶದ ಕೊಂಬೆಗಳ ಮೇಲೆ ಗುಲಾಬಿ ಗಿಡದ ಮುಳ್ಳುಗಳಂತೆ ಪುಟ್ಟ ಪುಟ್ಟ ಚಾಚುಗಳು ಇದ್ದವು. ಬೇರೆಯವರಿಗೂ ಅವು ಕಂಡಿದ್ದವು. ಆದರೆ ಅದು ಬಣ್ಣದ ಕಸ ಎಂದುಕೊಂಡು ಬಿಟ್ಟುಬಿಟ್ಟಿದ್ದರು. ಕಹಾಲ್ ಬಿಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು. ಬೇರೊಂದು ಬಣ್ಣ ಹಾಕಿ ನೋಡಿದರೂ ಮುಳ್ಳುಗಳು ಅಲ್ಲೇ ಇದ್ದವು. ನರಕೋಶಗಳು ಸಂದೇಶ ಪಡೆಯುವ ಮುಖ್ಯ ಜಾಗಗಳು ಅವೇ ಎಂದು ಇಂದು ತಿಳಿದಿದೆ.

ಬರ್ಲಿನ್ ಪ್ರಯಾಣ

ಕಂಡದ್ದನ್ನು ಜಗತ್ತಿಗೆ ಹೇಳುವುದು ಹೇಗೆ? ಕಹಾಲ್ 1888ರಲ್ಲಿ ಸ್ವಂತ ಖರ್ಚಿನಿಂದ ಒಂದು ಪತ್ರಿಕೆ ಆರಂಭಿಸಿದರು. ಚಿತ್ರಗಳನ್ನು ಅಚ್ಚಿನ ಕಲ್ಲಿನ ಮೇಲೆ ತಾವೇ ಬರೆದರು. 60 ಪ್ರತಿಗಳನ್ನು ಹೊರದೇಶಗಳ ವಿಜ್ಞಾನಿಗಳಿಗೆ ಕಳಿಸಿದರು. ಆದರೆ ಅವರು ಬರೆದದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ಅದನ್ನು ಓದಬಲ್ಲ ವಿಜ್ಞಾನಿಗಳು ಹೊರಗೆ ಕಡಿಮೆ. ಸ್ಪೇನಿನಿಂದ ಹೊಸ ವಿಜ್ಞಾನ ಬರುತ್ತದೆ ಎಂದು ಹೆಚ್ಚಿನವರು ಎಣಿಸಿಯೂ ಇರಲಿಲ್ಲ.

1889ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಅಂಗರಚನಾ ವಿಜ್ಞಾನಿಗಳ ಸಭೆ. ಕಹಾಲ್ ಸ್ವಂತ ಹಣದಲ್ಲಿ ಅಲ್ಲಿಗೆ ಹೋದರು. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳನ್ನಿಟ್ಟು ತಮ್ಮ ಚೂರುಗಳನ್ನು ಜೋಡಿಸಿದರು. ತಡವರಿಸುವ ಫ್ರೆಂಚ್ ಭಾಷೆಯಲ್ಲಿ ವಿವರಿಸಿದರು. ಮೊದಲು ಅನುಮಾನದಿಂದ ಬಂದವರು ಸೂಕ್ಷ್ಮದರ್ಶಕದೊಳಗೆ ಇಣುಕಿ ನೋಡಿ ಮೌನವಾದರು. ಚಿತ್ರದಲ್ಲಿ ಇದ್ದದ್ದೇ ಅಲ್ಲಿ ಕಾಣುತ್ತಿತ್ತು! ಆ ಕಾಲದ ದೊಡ್ಡ ವಿಜ್ಞಾನಿ, 72 ವರ್ಷದ ಕಾಲಿಕರ್, ಬಹಳ ಮೆಚ್ಚಿಕೊಂಡರು. ಬಲೆಯ ವಾದವನ್ನು ಅವರು ಕೈಬಿಟ್ಟರು. ಕಹಾಲ್ ಅವರ ಲೇಖನಗಳನ್ನು ಓದುವುದಕ್ಕಾಗಿ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರು.

1891ರಲ್ಲಿ ಜರ್ಮನಿಯ ವಾಲ್ಡೆಯರ್ ಎಂಬ ವಿಜ್ಞಾನಿ ಈ ಬಿಡಿ ನರಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು. ಕಹಾಲ್ ಇನ್ನೂ ಮುಂದೆ ಹೋದರು. ತಮ್ಮ ಚಿತ್ರಗಳಲ್ಲಿ ಸಣ್ಣ ಬಾಣದ ಗುರುತು ಹಾಕಿದರು. ಸಂದೇಶ ಕೊಂಬೆಗಳಿಂದ ಕೋಶದ ಒಡಲಿಗೆ ಬಂದು, ಅಲ್ಲಿಂದ ಉದ್ದನೆಯ ಎಳೆಯ ಮೂಲಕ ಮುಂದಿನ ಕೋಶದ ಕಡೆಗೆ ಸಾಗುತ್ತದೆ ಎಂದು ಬಾಣಗಳು ಹೇಳುತ್ತಿದ್ದವು.

ಇಬ್ಬರಿಗೆ ಒಂದು ಬಹುಮಾನ

1906ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಸೇರಿಸಿ ಕೊಟ್ಟರು. ವಿಧಾನ ಕಂಡುಹಿಡಿದವರು ಒಬ್ಬರು, ಅದರಿಂದ ಸತ್ಯ ಕಂಡವರು ಇನ್ನೊಬ್ಬರು. ವಿಶೇಷವೆಂದರೆ, ಬಹುಮಾನದ ಭಾಷಣದಲ್ಲಿಯೂ ಗಾಲ್ಜಿ ಬಿಡಿ ಕೋಶಗಳ ವಾದವನ್ನು ಒಪ್ಪಲಿಲ್ಲ. ಕಹಾಲ್ ತಮ್ಮ ಭಾಷಣದಲ್ಲಿ ತಾವು ಕಂಡದ್ದನ್ನು ಹೇಳಿದರು.

ಗಾಲ್ಜಿ ಅವರೂ ಜಾಣರೇ, ಚೆನ್ನಾಗಿ ಚಿತ್ರ ಬರೆಯಬಲ್ಲವರೇ. ಇಬ್ಬರೂ ನೋಡಿದ್ದು ಒಂದೇ ಬಗೆಯ ಚೂರುಗಳನ್ನು. ಆದರೂ ಇಬ್ಬರು ಕಂಡದ್ದು ಬೇರೆಬೇರೆ. ಮನಸ್ಸಿನಲ್ಲಿ ಮೊದಲೇ ಒಂದು ಬಲೆ ಇದ್ದರೆ ಕಾಗದದ ಮೇಲೂ ಬಲೆಯೇ ಮೂಡುತ್ತದೆ. ಆದ್ದರಿಂದಲೇ ಬರೆದದ್ದನ್ನು ಮತ್ತೆ ಮತ್ತೆ ವಸ್ತುವಿನ ಜೊತೆ ಹೋಲಿಸಿ ನೋಡಬೇಕು.

ಕಹಾಲ್ ಇಳಿವಯಸ್ಸಿನವರೆಗೂ ಕೆಲಸ ಬಿಡಲಿಲ್ಲ. 1934ರ ಅಕ್ಟೋಬರ್ 17ರಂದು ತಮ್ಮ 82ನೆಯ ವಯಸ್ಸಿನಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ನರಕೋಶಗಳ ನಡುವಿನ ಸಂದು ಅವರ ಸೂಕ್ಷ್ಮದರ್ಶಕಕ್ಕೆ ನೇರವಾಗಿ ಕಾಣುವಷ್ಟು ದೊಡ್ಡದಾಗಿರಲಿಲ್ಲ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸಿತು. ಒಂದು ಮಿಲಿಮೀಟರನ್ನು 50 ಸಾವಿರ ಭಾಗ ಮಾಡಿದರೆ ಸುಮಾರು ಒಂದು ಭಾಗದಷ್ಟು ಸಂದು! ಕೆಲವು ಕಡೆ ನರಕೋಶಗಳು ಬಹು ಸೂಕ್ಷ್ಮ ನಾಳಗಳಿಂದ ಕೂಡಿಕೊಂಡಿರುವುದೂ ಆಮೇಲೆ ತಿಳಿಯಿತು. ಆದರೂ ಪ್ರತಿಯೊಂದೂ ಬಿಡಿ ಕೋಶ ಎಂಬ ಕಹಾಲ್ ಅವರ ಮಾತು ಉಳಿಯಿತು. 2017ರಲ್ಲಿ ಅವರ ಚಿತ್ರಗಳು, ಬರಹಗಳ ಸಂಗ್ರಹವನ್ನು ಯುನೆಸ್ಕೊ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು.

ಆ ಹುಡುಗ ಕಲಾವಿದನಾಗಲಾರ ಎಂದು ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಹೇಳಿದ್ದು ನಿಮಗೆ ನೆನಪಿದೆ ಅಲ್ಲವೆ? ಆ ಹುಡುಗ ಬರೆದ ನರಕೋಶಗಳ ಚಿತ್ರಗಳನ್ನು ಇಂದು ವಿಜ್ಞಾನದ ಪುಸ್ತಕಗಳಲ್ಲಿಯೂ ನೋಡಬಹುದು, ಕಲಾಪ್ರದರ್ಶನಗಳಲ್ಲಿಯೂ ನೋಡಬಹುದು.

ನೀವೂ ಮಾಡಿ ನೋಡಿ

1. ದಾಸವಾಳದ ಒಂದು ಎಲೆ ತನ್ನಿ. ಮೊದಲು ಅದನ್ನು ನೋಡದೆ, ನೆನಪಿನಿಂದ ದಾಸವಾಳದ ಎಲೆಯ ಚಿತ್ರ ಬರೆಯಿರಿ. ಹಾಳೆಯನ್ನು ಮಡಿಸಿಡಿ.

2. ಈಗ ಎಲೆಯನ್ನು 5 ನಿಮಿಷ ಸುಮ್ಮನೆ ನೋಡಿ. ಅಂಚಿನಲ್ಲಿ ಹಲ್ಲುಗಳಿವೆಯೇ? ನಡುನಾಳದಿಂದ ಎಷ್ಟು ನಾಳಗಳು ಹೊರಡುತ್ತವೆ? ಅವು ಎದುರುಬದುರಾಗಿವೆಯೇ, ಹಿಂದುಮುಂದಾಗಿವೆಯೇ? ಅಂಚಿನವರೆಗೂ ಹೋಗುತ್ತವೆಯೇ?

3. ಎಲೆಯನ್ನು ಮುಂದಿಟ್ಟುಕೊಂಡು ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಉದ್ದ ಅಗಲದ ಅಳತೆ ನೋಡಿ. ದಪ್ಪ ನಾಳಕ್ಕೆ ದಪ್ಪ ಗೆರೆ, ತೆಳು ನಾಳಕ್ಕೆ ತೆಳು ಗೆರೆ. ಪ್ರತಿ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ.

4. ಮರುದಿನ ಎಲೆಯನ್ನು ನೋಡದೆ ಮತ್ತೆ ಬರೆಯಿರಿ. ಮೊದಲ ಚಿತ್ರದ ಹಾಳೆಯನ್ನು ಬಿಚ್ಚಿ ಪಕ್ಕದಲ್ಲಿಡಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ನೋಡಿ. ಒಂದೇ ದಿನದಲ್ಲಿ ನಿಮ್ಮ ಕೈ ಅಷ್ಟೇನೂ ಬದಲಾಗಿರುವುದಿಲ್ಲ. ಬದಲಾಗಿರುವುದು ನಿಮ್ಮ ಕಣ್ಣು!

ಹೀಗೆ ವಾರಕ್ಕೊಂದು ವಸ್ತು ಆರಿಸಿಕೊಳ್ಳಿ. ಮೊಳಕೆಯೊಡೆದ ಹುರುಳಿಕಾಳು, ಇರುವೆ, ಹಕ್ಕಿಯ ಗರಿ, ಯಾವುದಾದರೂ ಸರಿ. ದಿನಾಂಕ ಹಾಕಿ ಹಾಳೆಗಳನ್ನು ಕೂಡಿಡಿ. ಪುಸ್ತಕದಲ್ಲಿ ಇಲ್ಲದ ಏನಾದರೂ ನಿಮ್ಮ ಚಿತ್ರದಲ್ಲಿ ಕಂಡರೆ ಕೂಡಲೇ ಅಳಿಸಿಬಿಡಬೇಡಿ. ವಸ್ತುವನ್ನು ಇನ್ನೊಮ್ಮೆ ನೋಡಿ. ಅದು ಅಲ್ಲಿ ಇದ್ದರೆ ನಿಮ್ಮ ಶಿಕ್ಷಕರಿಗೂ ತೋರಿಸಿ.